ಗೋದಾಮಿನಲ್ಲಿ ಕಲಿತ ಸಾವಿನ ಪದ

ಹಾರ್ಮೋನಿಯಂ ಪೆಟ್ಟಿಗೆ ಎಂಟೂವರೆ ಸಾವಿರಕ್ಕೆ ಬಿತ್ತು. ಅಂಗಡಿಯವನು ಹದಿನಾಲ್ಕು ಹೇಳಿದ್ದ. ಮುಚ್ಚಿಹೋದ ಯಾವುದೋ ನಾಟಕ ಕಂಪನಿಯ ಮಾಲು ಅದು; ಹುಮನಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೆಟ್ಟ ಕೂಲರ್‌ಗಳ ಸಂದಿಯಲ್ಲಿ ಧೂಳು ಹಿಡಿದು ಕುಳಿತಿತ್ತು. ನಾನು ಒಂದೊಂದೇ ಪಟ್ಟಿ ಒತ್ತಿ ನೋಡಿದೆ. ಮೂರು ಪಟ್ಟಿ ಕೆಮ್ಮಿದವು.

‘ಇದಕ್ಕ ದಮ್ಮಿನ ಬ್ಯಾನಿ ಅದಲ್ಲೋ’ ಅಂದೆ.

‘ಅದಕ್ಕೇ ಹದಿನಾಲ್ಕು ಹೇಳೀನಿ ಸಾವ್ಕಾರ್ರೆ, ಇಲ್ಲಾಂದ್ರ ಇಪ್ಪತ್ತು ಹೇಳ್ತಿದ್ದೆ’ ಅಂದ.

ಅವನು ಚಹಾ ತರಿಸಿದ. ಕುಡಿದು ಎದ್ದು ಹೊರಟೆ. ಬಾಗಿಲು ದಾಟಿ ಗಾಡಿಗೆ ಕೀಲಿ ಹಾಕುವ ತನಕ ಸುಮ್ಮನಿದ್ದು, ಆಮೇಲೆ ಕರೆದ. ಇವತ್ತಿಗೂ ಅದು ಒಳ್ಳೆಯ ಸೌದಾ ಅಂತಲೇ ಹೇಳುತ್ತೇನೆ.

ಹಾಡಲು ಬಾರದ ನಾನು ಪೆಟ್ಟಿಗೆ ಯಾಕೆ ಕೊಂಡೆ ಅಂದರೆ, ನನ್ನ ಅಕ್ಕನ ಬಾಯಿ ದಿನದಿಂದ ದಿನಕ್ಕೆ ಮುಚ್ಚುತ್ತಿತ್ತು. ಅದು ಪೂರ್ತಿ ಮುಚ್ಚುವುದರೊಳಗೆ ಅವಳು ಹಾಡುತ್ತಿದ್ದ ಒಂದು ಪದವನ್ನು ನಾಲ್ಕು ಮಂದಿ ಕಲಿಯಬೇಕಾಗಿತ್ತು.

ನಾವು ಹುಟ್ಟಿದ್ದು ದುಬಲಗುಂಡಿಯಲ್ಲಿ. ಅಕ್ಕನನ್ನು ಕೊಟ್ಟಿದ್ದು ಬಸವಕಲ್ಯಾಣದ ಹತ್ತಿರ ಮೋರಖಂಡಿಗೆ. ನಾನು ಹುಮನಾಬಾದಿಗೆ ಬಂದು ಶಾಮಿಯಾನದ ಕಂಬ ಹೊತ್ತೆ, ಆಮೇಲೆ ಎರಡು ಶಾಮಿಯಾನ ನನ್ನವೇ ಆದವು, ಆಮೇಲೆ ಕುರ್ಚಿ, ಅಡುಗೆಯ ಭಾಂಡೆ, ಮೈಕ್ ಸೆಟ್ಟು. ಬಸವಕಲ್ಯಾಣದಲ್ಲಿ ಒಂದು ಗೋದಾಮು ಮಾಡಿದೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕುಂಡರಿಸುತ್ತಾರೆ. ಮಣ್ಣಿಗೆ ಒಯ್ಯುವ ತನಕ ಮುಂದೆ ಕುಳಿತು ಭಜನಿ ಮಾಡುತ್ತಾರೆ. ಮೊದಲು ಎಲ್ಲ ಊರಲ್ಲೂ ಭಜನಿ ಮೇಳ ಇತ್ತು. ಈಗ ಮೇಳದವರೇ ಒಬ್ಬೊಬ್ಬರಾಗಿ ಗೋಡೆಗೆ ಆನಿ ಹೋಗಿದ್ದಾರೆ. ಜನ ನನಗೆ ಫೋನ್ ಮಾಡುತ್ತಾರೆ, ನಾನು ಎರಡು ಸೌಂಡ್ ಬಾಕ್ಸ್ ಮತ್ತು ಒಂದು ಪೆನ್ ಡ್ರೈವ್ ಕಳಿಸುತ್ತೇನೆ. ಪೆನ್ ಡ್ರೈವಿಗೆ ಗಂಟಲು ಒಣಗುವುದಿಲ್ಲ.

ಅಕ್ಕ ಚಿಕ್ಕಂದಿನಿಂದ ಮಿಶ್ರಿ ತಿಕ್ಕುತ್ತಿದ್ದಳು. ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ಹಚ್ಚಿಕೊಳ್ಳುವುದು. ಹೊಲಕ್ಕೆ ಹೋಗುವ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ಆ ಚಟ ಇದೆ. ಗಲ್ಲದ ಒಳಗೆ ಹುಣ್ಣಾಗಿದೆ ಅಂದಾಗ ಎಲ್ಲರೂ ಉಷ್ಣ ಅಂದರು. ಮಜ್ಜಿಗೆ ಕುಡಿಸಿದರು, ತುಪ್ಪ ಹಚ್ಚಿದರು. ಕಡೆಗೆ ನಾನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದು ‘ಆರೇಳು ತಿಂಗಳು’ ಅಂದರು.

‘ಸರ್, ಒಂದು ವರ್ಷ ಮಾಡ್ರಿ’ ಅಂತ ನನ್ನ ಬಾಯಿಂದ ಬಂದೇ ಬಿಟ್ಟಿತು.

ಅವರು ಸಿಟ್ಟಾಗಲಿಲ್ಲ. ‘ಇದು ನನ್ನ ಅಂಗಡಿ ಅಲ್ಲರಿ’ ಅಂದರು.

ವಾಪಸ್ ಬರುವ ದಾರಿಯಲ್ಲಿ ಹುಮನಾಬಾದ್ ದಾಟಿದ ಮೇಲೆ, ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಲೇ ಅಕ್ಕ ಮಾತು ತೆಗೆದಳು. ‘ತಮ್ಮಾ, ಊರಾಗ ಯಾರ ಸತ್ತರೂ ನಾ ಹೋಗಿ ಹಾಡೀನಿ. ನನ್ನ ಮುಂದ ಯಾರು ಹಾಡೋರು? ನಿನ್ನ ಡಬ್ಬಿ ತಂದು ಇಡ್ತೀಯೇನು?’

‘ದುಬಲಗುಂಡಿ ಮೇಳದ ಮುದುಕೇರು ಅದಾರಲ್ಲ.’

‘ಅವರ ಮೊಣಕಾಲಿಗೆ ಬಸ್ಸಿನ ಮೆಟ್ಟಲ ಎತ್ತರ ಆಗ್ಯಾದ. ಅವರು ಬರೂದ್ರಾಗ ನನ್ನ ಮಣ್ಣು ಮಾಡಿ ಉಂಡು ಕೈ ತೊಳ್ಕೊಂಡಿರ್ತೀರಿ. ನಿನ್ನ ಗೋದಾಮಿನಾಗ ಅದೇನೋ ಕ್ಲಾಸ್ ನಡೀತದಂತಲ್ಲ, ಅವರಿಗೆ ಕಲಿಸ್ತೀನಿ.’

ಆ ಕ್ಲಾಸು ಮೊದಲಿನಿಂದ ಇತ್ತು. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಒಬ್ಬ ಉಸ್ತಾದರು, ಮುಂದಿನ ಹಲ್ಲು ಬಿದ್ದು ಊದುವುದು ನಿಂತ ಮೇಲೆ, ಹಾಡು ಕಲಿಸುತ್ತೇನೆ, ಜಾಗ ಕೊಡಿ ಅಂತ ಬಂದಿದ್ದರು. ಮದುವೆ ಸೀಜನ್ ಇಲ್ಲದಾಗ ಗೋದಾಮಿನಲ್ಲಿ ಓಡಾಟ ಇರುವುದಿಲ್ಲ, ಗುರುವಾರ ಮತ್ತು ಭಾನುವಾರ ಮಧ್ಯಾಹ್ನ ತಗೊಳ್ಳಿ ಅಂದೆ. ವಯಸ್ಸಿನ ಕಟ್ಟಿಲ್ಲ, ಪರೀಕ್ಷೆ ಇಲ್ಲ, ಕೈಲಾದಷ್ಟು ಕೊಡಬಹುದು. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಜಮಖಾನ ಹಾಸಿ ಕೂರುತ್ತಿದ್ದರು. ತೊದಲುವ ಒಬ್ಬ ಟೇಲರು. ಹಾಡುವಾಗ ಮಾತ್ರ ಅವನ ನಾಲಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಇಡೀ ಜೀವಮಾನ ಬಸ್ಸಿಗೆ ಸೀಟಿ ಊದಿ ರಿಟೈರ್ ಆದ ಕಂಡಕ್ಟರು. ತಾಳದ ಗಂಧವೇ ಇಲ್ಲ. ಹೈಸ್ಕೂಲಿನ ಒಬ್ಬ ಹುಡುಗಿ. ಒಮ್ಮೆ ಕೇಳಿದ್ದನ್ನು ಬಿಡುತ್ತಿರಲಿಲ್ಲ. ಇನ್ನೂ ಹತ್ತಾರು ಮಂದಿ ಬಂದು ಹೋಗುತ್ತಿದ್ದರು.

ಅಕ್ಕ ಕಲಿಸಬೇಕೆಂದಿದ್ದ ಪದ ದುಬಲಗುಂಡಿಯ ಮೇಳದ್ದು. ಸೊಸೆಯೊಬ್ಬಳು ಮನೆ ಬಿಟ್ಟು ಹೊರಡುತ್ತಾಳೆ. ಅಡುಗೆಮನೆ, ಕಣಜ, ಕೊಟ್ಟಿಗೆ, ಒಂದೊಂದರ ಕೀಲಿಕೈಯನ್ನು ಒಂದೊಂದು ನುಡಿಯಲ್ಲಿ ಅತ್ತೆಗೆ ಒಪ್ಪಿಸುತ್ತಾಳೆ. ಕಡೆಯ ನುಡಿಯಲ್ಲಿ ತಲಬಾಗಿಲ ಕೀಲಿ ಒಪ್ಪಿಸಿ ಅಂಗಳಕ್ಕೆ ಇಳಿಯುತ್ತಾಳೆ. ಆ ನುಡಿ ಮುಗಿದ ಮೇಲೆಯೇ ಹೆಣ ಎತ್ತಬೇಕು ಅನ್ನುವುದು ನಮ್ಮ ಊರಿನ ರೂಢಿ.

ಮೊದಲ ಗುರುವಾರ ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡೇ ಬಂದು ಕುಳಿತಳು. ಕಂಡಕ್ಟರು ಸರಿದು ಜಾಗ ಕೊಟ್ಟರು.

‘ಬರ್ರಿ ಅಕ್ಕಾರೆ, ಮುಂದ ಸೀಟ್ ಖಾಲಿ ಅದ.’

‘ಟಿಕೇಟ್ ಎಲ್ಲೀತನಕ ಕೊಡ್ತೀ?’

‘ನೀವು ಎಲ್ಲಿ ಇಳೀತೀರಿ ಅಲ್ಲೀತನಕ.’

‘ನಾ ಲಗೂ ಇಳಿಯಾಕಿ ಅದೀನಪ್ಪಾ’ ಅಂದಳು.

ಉಸ್ತಾದರದು ಒಂದೇ ಪದ್ಧತಿ: ಹೇಳಿಕೊಡುವವರ ಬಾಯಿಂದ ಹ್ಯಾಗೆ ಬರುತ್ತದೋ ಹಾಗೇ ಎತ್ತಿಕೊಳ್ಳಬೇಕು, ಕೂಡಿಸಬಾರದು, ಕಳೆಯಬಾರದು. ಅಕ್ಕನಿಗೆ ಪ್ರತಿ ನುಡಿಯ ಎರಡನೇ ಸಾಲಿನ ನಡುವೆ ಬಾಯಲ್ಲಿ ನೀರು ತುಂಬುತ್ತಿತ್ತು. ಅಲ್ಲಿ ನಿಲ್ಲಿಸಿ, ನುಂಗಿ, ಸೆರಗಿನಿಂದ ಒರೆಸಿಕೊಂಡು ಮುಂದೆ ಹೋಗುತ್ತಿದ್ದಳು. ಕ್ಲಾಸಿನವರೂ ಅಲ್ಲೇ ನಿಂತರು. ಮೊದಮೊದಲು ಅವಳಿಗಾಗಿ ಕಾದರು. ಆಮೇಲೆ ಕಾಯುವುದೇ ಪದವಾಯಿತು. ಟೇಲರ್‌ಗೆ ಆ ಜಾಗದಲ್ಲಿ ದಮ್ಮು ತಗೊಳ್ಳಲಿಕ್ಕೆ ಸಿಗುತ್ತಿತ್ತು. ಕಂಡಕ್ಟರು ಎಲ್ಲೇ ತಪ್ಪಿದ್ದರೂ ಅಲ್ಲಿ ಬಂದು ಎಲ್ಲರನ್ನೂ ಕೂಡಿಕೊಳ್ಳುತ್ತಿದ್ದರು. ಹುಟ್ಟಿದಾಗಿಂದ ಮೊದಲ ಬಾರಿಗೆ ಅವರು ತಾಳಕ್ಕೆ ಬಂದಿದ್ದರು. ‘ಈಗ ನಂದು ಕರೆಕ್ಟ್ ಟೈಮಿಗೆ ಹೊಂಡ್ತದ’ ಅಂತ ಬೀಗುತ್ತಿದ್ದರು.

ಒಂದು ಭಾನುವಾರ ಉಸ್ತಾದರು ಪೆಟ್ಟಿಗೆ ನಿಲ್ಲಿಸಿ ಕೇಳಿದರು. ‘ಅಕ್ಕಾ, ಬುರಾ ತಿಳ್ಕೋಬ್ಯಾಡ್ರಿ. ಈ ನಿಲ್ಲೋದು ಪದದಾಗ ಅದನೋ, ನಿಮ್ಮ ಬಾಯಾಗ ಅದನೋ?’

ಆ ಹೊತ್ತಿಗೆ ಅವಳ ಬಾಯಿ ಒಂದು ಬೆರಳು ತೂರುವಷ್ಟೇ ತೆರೆಯುತ್ತಿತ್ತು. ಗಂಜಿಯನ್ನೂ ಹೀರಿಯೇ ಕುಡಿಯುತ್ತಿದ್ದಳು. ಸೆರಗಿನಿಂದ ತುಟಿ ಒರೆಸಿಕೊಂಡು ಅಂದಳು.

‘ಈಗ ಎರಡೂ ಒಂದೇ ಆಗ್ಯಾವ ಉಸ್ತಾದರೆ. ಬಿಡ್ರಿ, ಇವರಿಗೆ ಬರಾಕತ್ತದಲ್ಲ.’

ಉಸ್ತಾದರು ಮತ್ತೆ ಆ ಮಾತು ತೆಗೆಯಲಿಲ್ಲ. ಕಡೆಯ ನುಡಿ ಕಲಿಸುವ ಹೊತ್ತಿಗೆ ಅವಳ ಮಾತು ಹೊರಗೆ ಬರುತ್ತಿರಲಿಲ್ಲ. ಹುಡುಗಿ ಅವಳ ತುಟಿಗೆ ಕಿವಿ ಹಚ್ಚಿ ಕೇಳಿ, ತಾನು ಜೋರಾಗಿ ಹೇಳುತ್ತಿದ್ದಳು. ತಪ್ಪಿದರೆ ಅಕ್ಕ ಅವಳ ತೊಡೆಗೆ ಬಡಿಯುತ್ತಿದ್ದಳು. ಬಾಯಿಯ ವಾಸನೆ ನಮಗೆ, ದೂರ ಕುಳಿತವರಿಗೇ ತಡೆಯಲಿಕ್ಕೆ ಆಗುತ್ತಿರಲಿಲ್ಲ. ಹುಡುಗಿ ಮುಖ ತಿರುಗಿಸಲಿಲ್ಲ. ಪದ ಪೂರ್ತಿಯಾಯಿತು. ಅಕ್ಕ ಮತ್ತೆ ಗೋದಾಮಿಗೆ ಬರಲಿಲ್ಲ.

ಅವಳು ತೀರಿಕೊಂಡದ್ದು ಸೋಯಾ ರಾಶಿಯ ದಿನಗಳಲ್ಲಿ, ಬೆಳಗಿನ ಹೊತ್ತು. ಸುದ್ದಿ ಬಂದ ಕೂಡಲೇ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಉಸ್ತಾದರಿಗೆ ಫೋನ್ ಮಾಡಿ ಕ್ಲಾಸಿನವರನ್ನು ಕೂಡಿಸಿದೆ. ಹುಮನಾಬಾದಿನಿಂದ ಒಂದು ಟೆಂಪೊ ದುಬಲಗುಂಡಿಗೆ ಕಳಿಸಿದೆ. ಮೇಳದಲ್ಲಿ ಉಳಿದ ಇಬ್ಬರು ಮುದುಕಿಯರನ್ನು ಎತ್ತಿ ಕೂರಿಸಿಕೊಂಡು ಬಾ ಅಂದೆ. ಲೆಕ್ಕ ಸರಳವಾಗಿತ್ತು: ದನಿ ಹೆಚ್ಚಾದಷ್ಟೂ ಚೆನ್ನ.

ಮೋರಖಂಡಿಯ ಅಂಗಳದಲ್ಲಿ ಅಕ್ಕನನ್ನು ಕುಂಡರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಕ್ಲಾಸಿನವರು ಮುಂದೆ ಕುಳಿತರು. ಮೊದಲ ಮೂರು ನುಡಿ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದವು. ಎರಡನೇ ಸಾಲಿನ ನಡುವೆ ಎಲ್ಲರೂ ಒಟ್ಟಿಗೆ ನಿಲ್ಲುವರು, ಒಟ್ಟಿಗೆ ಏಳುವರು. ಅಳುತ್ತಿದ್ದ ಹೆಂಗಸರೂ ಆ ನಿಲುಗಡೆಯಲ್ಲಿ ಸುಮ್ಮನಾದರು.

ಅಷ್ಟರಲ್ಲಿ ಟೆಂಪೊ ಬಂತು. ಮುದುಕಿಯರನ್ನು ಕೈ ಹಿಡಿದು ಇಳಿಸಿ ಹಿಂದೆ ಕೂರಿಸಿದರು. ಹಿರಿಯಾಕೆ ಅಕ್ಕನ ಮುಖ ನೋಡಿ ‘ಯವ್ವಾ, ನನಕಿಂತ ಮುಂದ ನಡದಿಯಲ್ಲೇ’ ಅಂದು ಒಮ್ಮೆ ಅತ್ತು, ಕಣ್ಣೊರೆಸಿಕೊಂಡು ಕಡೆಯ ನುಡಿಗೆ ದನಿ ಎತ್ತಿದಳು. ಎಂಥ ದನಿ ಅದು! ಮೊಣಕಾಲಿನಲ್ಲಿ ಹೋದ ಶಕ್ತಿಯೆಲ್ಲ ಗಂಟಲಲ್ಲಿ ಕುಳಿತಿತ್ತು. ಎರಡನೇ ಸಾಲಿಗೆ ಬಂದರು. ಕ್ಲಾಸಿನವರು ನಿಂತರು. ಮುದುಕಿಯರು ನಿಲ್ಲಲಿಲ್ಲ. ಅವರ ಪದದಲ್ಲಿ ಅಲ್ಲಿ ನಿಲ್ಲುವುದೇ ಇಲ್ಲ. ಸೊಸೆ ಸರಸರ ಹೊಸ್ತಿಲು ದಾಟುವ ಜಾಗ ಅದು. ಇವರು ಏಳುವಷ್ಟರಲ್ಲಿ ಅವರು ಮುಂದಿನ ಸಾಲಿನಲ್ಲಿದ್ದರು.

ಕಂಡಕ್ಟರು ಓಡಿ ಹಿಡಿಯಲು ನೋಡಿ ತಾಳ ಬಿಟ್ಟರು. ಟೇಲರ್ ದಮ್ಮು ಸಿಗದೆ ಒಂದು ಅಕ್ಷರದ ಮೇಲೆ ಸಿಕ್ಕಿಕೊಂಡ. ಅದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತ ಎಲ್ಲರ ಮುಂದೆ ಕೆಂಪಗಾದ. ಹಿಂದೆ ಯಾರೋ ಹುಡುಗರು ಕಿಸಕ್ ಅಂದರು. ಉಸ್ತಾದರು ಎರಡೂ ಕಡೆಯವರ ನಡುವೆ ಪೆಟ್ಟಿಗೆ ಬಾರಿಸುತ್ತ ಒಮ್ಮೆ ಇತ್ತ ಒಮ್ಮೆ ಅತ್ತ ನೋಡಿದರು. ನುಡಿ ಮುಗಿಯಲಿಲ್ಲ, ಒಡೆದು ನಿಂತಿತು.

ಹಿರಿಯಾಕೆ ಗದರಿದಳು. ‘ಹಿಂಗ ಕುಂಟಕೋತ ಹಾಡೂದು ಯಾರ ಕಲಿಸ್ಯಾರ ನಿಮಗ?’

ಹುಡುಗಿ ಗೋಡೆಗೆ ಆನಿ ಕುಳಿತ ನಮ್ಮ ಅಕ್ಕನ ಕಡೆ ಕೈ ಮಾಡಿದಳು. ‘ಆಯಿನೇ ಕಲಿಸ್ಯಾಳ.’

ಮುದುಕಿಗೆ ಏನು ತಿಳಿಯಿತೋ. ಗದ್ದಕ್ಕೆ ಕಟ್ಟಿದ ಬಟ್ಟೆಯನ್ನೇ ನೋಡುತ್ತ ಬಾಯಿಗೆ ಸೆರಗು ಹಿಡಿದಳು. ಮತ್ತೆ ಶುರು ಮಾಡಿ ಅಂತ ನಾನು ಉಸ್ತಾದರಿಗೆ ಸನ್ನೆ ಮಾಡಿದೆ. ಅವರು ಸ್ವರ ಹಿಡಿದರು, ಯಾರೂ ಎತ್ತಲಿಲ್ಲ. ಕ್ಲಾಸಿನವರು ಮುದುಕಿಯರಿಗೆ ಅಂಜಿದರು, ಮುದುಕಿಯರು ಹುಡುಗಿಗೆ ಅಂಜಿದರು. ಹೊಲದಲ್ಲಿ ಕುಣಿ ತಯಾರಾಗಿದೆ ಅಂತ ಹೇಳಿ ಕಳಿಸಿದ್ದರು. ಹಿರಿಯರೊಬ್ಬರು ‘ಸಾಕು, ಏಳ್ರಪ್ಪಾ, ಹೊತ್ತಾಗ್ತದ’ ಅಂದರು. ಎತ್ತಿದರು. ತಲಬಾಗಿಲ ಕೀಲಿ ಒಪ್ಪಿಸುವ ನುಡಿ ಮುಗಿಯದೆಯೇ ನಮ್ಮ ಅಕ್ಕ ಅಂಗಳ ಇಳಿದಳು.

ಟೇಲರ್ ಕ್ಲಾಸ್ ಬಿಟ್ಟ. ಅಂಗಡಿಗೆ ಹೋಗಿ ಕರೆದೆ. ಟೇಪು ಕೊರಳಿಗೆ ಹಾಕಿಕೊಂಡು ಬರುವುದಿಲ್ಲ ಅಂತ ತಲೆ ಅಲ್ಲಾಡಿಸಿದ. ಉಳಿದವರು ಬರುತ್ತಾರೆ, ಬೇರೆ ಬೇರೆ ಹಾಡು ಕಲಿಯುತ್ತಾರೆ. ಆ ಪದ ಎತ್ತುವುದಿಲ್ಲ. ದುಬಲಗುಂಡಿಯ ಹಿರಿಯಾಕೆಯೂ ಹೋದಳು. ಇನ್ನೊಬ್ಬಳಿಗೆ ನುಡಿಗಳು ಹಿಂದುಮುಂದಾಗುತ್ತವೆ. ಪೂರ್ತಿ ಪದ ಈಗ ಆ ಹುಡುಗಿ ಒಬ್ಬಳ ಹತ್ತಿರ ಮಾತ್ರ ಇದೆ, ನಿಲುಗಡೆಗಳ ಸಮೇತ. ಅವಳು ಈಗ ಪಿಯುಸಿ ಓದುತ್ತಾಳೆ, ಪುರಸೊತ್ತು ಕಡಿಮೆ.

ಓದುವವರಿಗೆ ನನ್ನದೊಂದು ನಾಲ್ಕು ಮಾತು, ಪುಕ್ಕಟೆ. ಹಳೇ ಹಾರ್ಮೋನಿಯಂ ಕೊಳ್ಳುವುದಾದರೆ ಪ್ರತಿ ಪಟ್ಟಿಯನ್ನೂ ಒತ್ತಿ ಹಿಡಿದು, ದನಿ ನಡುಗುತ್ತದೋ ಇಲ್ಲವೋ ನೋಡಿ, ಆಮೇಲೆ ರೇಟು ಮಾತಾಡಿ. ಕ್ಲಾಸಿಗೆ ಜಾಗ ಬೇಕಾದರೆ ಗೋದಾಮು ಇರುವವರನ್ನು ಮಳೆಗಾಲದಲ್ಲಿ ಕೇಳಿ, ಆಗ ಇಲ್ಲ ಅನ್ನುವುದಿಲ್ಲ. ನಿಮ್ಮ ಊರಲ್ಲಿ ಹಳೇ ಪದ ಬಲ್ಲವರು ಇದ್ದರೆ, ಅವರು ಗಟ್ಟಿ ರೊಟ್ಟಿ ಕಡಿಯುವಷ್ಟು ಗಟ್ಟಿ ಇರುವಾಗಲೇ ಹೋಗಿ ಕಲಿಯಿರಿ, ಒಬ್ಬರಿಂದಲ್ಲ, ಇಬ್ಬರಿಂದ. ಆ ಇಬ್ಬರನ್ನೂ ನಿಮ್ಮ ಹುಡುಗರನ್ನೂ ಒಂದು ದಿನ ಒಂದೇ ಜಮಖಾನದ ಮೇಲೆ ಕೂರಿಸಿ ಜಗಳ ಆಡಲು ಬಿಡಿ. ಗಾಡಿ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಇನ್ನೊಂದು. ಇವತ್ತು ಊಟಕ್ಕೆ ಮೊದಲು ಮನೆಯಲ್ಲಿ ಮಿಶ್ರಿ ತಿಕ್ಕುವವರನ್ನು, ಗುಟಕಾ ಹಾಕುವವರನ್ನು ಕನ್ನಡಿ ಮುಂದೆ ನಿಲ್ಲಿಸಿ. ತಮ್ಮ ಮೂರು ಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಹಿಡಿದು ಬಾಯೊಳಗೆ ಹಾಕಲು ಹೇಳಿ. ಹೋಗದಿದ್ದರೆ, ಅಥವಾ ಎರಡು ವಾರ ದಾಟಿದರೂ ಮಾಯದ ಹುಣ್ಣು ಇದ್ದರೆ, ಮಜ್ಜಿಗೆ ಕುಡಿಸುತ್ತ ಕೂರಬೇಡಿ. ಬೆಳಗಿನ ಮೊದಲ ಬಸ್ಸಿಗೆ ದವಾಖಾನೆಗೆ ಕರೆದುಕೊಂಡು ಹೋಗಿ.