ಮಂಚದ ಮುಂದಿನ ಅರ್ಧ ಹೆಜ್ಜೆ

ಕಳೆದ ವಾರ ಸೌದಿಯ ಯಾನ್ಬುವಿನ ಔಷಧಿ ಅಂಗಡಿಯಲ್ಲಿ ಯಾರೋ ನೋವಿನ ಮುಲಾಮಿನ ಮುಚ್ಚಳ ತೆರೆದರು. ಆ ಕರ್ಪೂರದ ವಾಸನೆಗೆ ನಮ್ಮ ಕಾರ್ಮಿಕರ ಕ್ಯಾಂಪಿನಲ್ಲಿ ಕರಾಟೆಯ ಪೆಟ್ಟಿಗೆ ಇದನ್ನೇ ಹಚ್ಚುತ್ತಿದ್ದ ಶುಕ್ರವಾರದ ಬೆಳಗು ಕಣ್ಣ ಮುಂದೆ ಬಂತು, ಜೊತೆಗೆ ಮಾಸ್ಟರ್ ಕೂಡ...

ಅವರು ಭಟ್ಕಳದವರು, ನಮ್ಮ ಪ್ಲಾಂಟಿನಲ್ಲಿ ಎಲೆಕ್ಟ್ರಿಷಿಯನ್. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ವೆಲ್ಡರ್. ಬೆವರು ಸುರಿಸಿ ಕಲಿಯುವುದರಲ್ಲಿ ಮಾತ್ರ ಯಾರಿಗೂ ಕಡಿಮೆ ಇರಲಿಲ್ಲ. ರಜೆಯ ದಿನ ನಾವು ನಾಲ್ಕೈದು ಜನ ಅವರ ರೂಮಿನ ಮಂಚಗಳನ್ನು ಗೋಡೆಗೆ ಸರಿಸಿ ಗೋಜು-ರ್ಯು ಕರಾಟೆ ಕಲಿಯುತ್ತಿದ್ದೆವು. ಓಕಿನಾವಾ ಎಂಬ ದ್ವೀಪದವರು ಚೀನಾಕ್ಕೆ ಹೋಗಿ ಕಲಿತು ಬಂದು, ತಮ್ಮೂರಿನ ವಿದ್ಯೆಯೊಂದಿಗೆ ಬೆರೆಸಿದ್ದಂತೆ ಅದು. ಗೋ ಎಂದರೆ ಗಟ್ಟಿ, ಜು ಎಂದರೆ ಮೆದು. ಅಲ್ಲಿಂದ ಜಪಾನಿನ ಮುಖ್ಯ ಭೂಭಾಗ, ಆಮೇಲೆ ಮುಂಬೈ, ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಮಾಸ್ಟರ್ ಕೈಗೆ.

"ಎಷ್ಟು ಸಮುದ್ರ ದಾಟಿ ಬಂತು ನೋಡು. ಇದಕ್ಕೆ ಇಕಾಮಾನೂ ಬೇಡ, ಕಫೀಲನೂ ಬೇಡ," ಎಂದು, ನಮಗೆ ಬೇಕಾದ ವಾಸದ ಪರವಾನಗಿಯನ್ನೂ ಅದಕ್ಕೆ ಜಾಮೀನಾಗುವ ಧಣಿಯನ್ನೂ ನೆನೆದು ನಗುತ್ತಿದ್ದರು.

ಅವರು ಊರಿಗೆ ಮರಳುವ ದಿನ ಹತ್ತಿರ ಬಂತು. ನಮ್ಮಲ್ಲಿ ಒಬ್ಬನಿಗಾದರೂ, ಕಲಿಸುವ ಅರ್ಹತೆ ಕೊಡುವ ಕಪ್ಪು ಬೆಲ್ಟ್ ಸಿಗದಿದ್ದರೆ ಕ್ಲಾಸು ಮುಚ್ಚಬೇಕು. ಪರೀಕ್ಷೆಗೆ ನಿಂತವನು ನಾನೊಬ್ಬನೇ. ಜಿದ್ದಾದ ದೊಡ್ಡ ಹಾಲ್‌ನಲ್ಲಿ, ಓಕಿನಾವಾದಿಂದಲೇ ಬಂದ ವೃದ್ಧ ಗುರುಗಳ ಎದುರು.

ಕಟಾ ಶುರು ಮಾಡಿದೆ. ಕ್ರಮ ತಪ್ಪದೆ ಮಾಡಬೇಕಾದ ಹೊಡೆತ, ತಡೆಗಳ ಸಾಲು ಅದು. ಮೂರು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಗುರುಗಳು ಕೈ ಎತ್ತಿ ನಿಲ್ಲಿಸಿದರು. ಇನ್ನೊಮ್ಮೆ ಮಾಡಿದೆ, ಮತ್ತದೇ ಅರ್ಧ ಹೆಜ್ಜೆ. ಅಂಥ ಹೆಜ್ಜೆ ಕಟಾದಲ್ಲೇ ಇಲ್ಲವಂತೆ!

"ಎಂತ ಮಾರಾಯ, ಹಿಂದೆ ಯಾಕೆ ಬರ್ತಿ? ಮುಂದೆ ಎಂತ ಉಂಟು ಅಲ್ಲಿ?" ಮಾಸ್ಟರ್ ಬದಿಯಿಂದ ಪಿಸುಗುಟ್ಟಿದರು.

"ನಿಮ್ಮ ಮಂಚ, ಮಾಸ್ಟರ್!"

ಮಾಸ್ಟರ್ ನಾಚಿಕೆಯಿಂದಲೇ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ, ಮೂರು ಹೆಜ್ಜೆಗೇ ಮಂಚ ತಾಗುವ ರೂಮಿನ ಅಳತೆ ವಿವರಿಸಿದರು. ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ತಮ್ಮ ಅಜ್ಜನ ಅಂಗಳದಲ್ಲಿ ಬಾವಿಯಿತ್ತಂತೆ. ಅವರ ಮನೆಯವರೂ ಎಷ್ಟೋ ವರ್ಷ ಕಟಾ ಮಾಡುವಾಗ ಬಾವಿ ತಪ್ಪಿಸಲು ಅಲ್ಲಿ ಬೇಗನೆ ತಿರುಗುತ್ತಿದ್ದರಂತೆ. "ಈಗ ಮಂಚ ಇಲ್ಲ. ಮಾಡು," ಎಂದರು.

ಸೋರುವ ಬೆಸುಗೆಯನ್ನು ಉಜ್ಜಿ ತೆಗೆದು ಮತ್ತೆ ಹಾಕುವವನು ನಾನು. ಮೂರನೇ ಸಲ ಕಾಲು ಮುಂದೆಯೇ ಹೋಯಿತು. ಬೆಲ್ಟ್ ಕಟ್ಟುವಾಗ ಮಾಸ್ಟರ್ ಹಾಕಿದ ಗಂಟು ಎರಡು ಸಲ ಬಿಚ್ಚಿಹೋಯಿತು...

ಮಾಸ್ಟರ್ ಊರಿನಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಈಗ ಶುಕ್ರವಾರ ನನ್ನ ಹತ್ತಿರ ಹನ್ನೆರಡು ಮಕ್ಕಳು ಕಲಿಯುತ್ತಾರೆ. ಅವರು ಸಾಲಾಗಿ ನಿಂತು ತಲೆ ಬಾಗಿಸುವಾಗ ನಾನು ನಡುವೆ ನಿಲ್ಲುವುದಿಲ್ಲ, ಸ್ವಲ್ಪ ಬದಿಗೆ ಸರಿಯುತ್ತೇನೆ. ಖಾಲಿ ಜಾಗಕ್ಕೆ ನಮಸ್ಕರಿಸಿ ಮಕ್ಕಳು ಕಿಸಕ್ಕನೆ ನಗುತ್ತಾರೆ.

ನಗಲಿ. ಆ ಜಾಗ ಮಾಸ್ಟರ್ ಅವರದು.