ಬೀಗರ ಅಟ್ಟಣೆಯ ಮೇಲೆ

ಬೀಗರು ಕರೆದರೆ ಇಲ್ಲವೆನ್ನಬಾರದು ಎಂಬುದು ನಮ್ಮ ಯಜಮಾನರ ಕಟ್ಟಾಜ್ಞೆ. ಆದರೆ ಜಿಂಕೆ ಬೇಟೆಗೆ ಹೊರಡಬೇಕಾದ ಬೆಳಗ್ಗೆ ಸೊಂಟ ಹಿಡಿದುಕೊಂಡಿದ್ದೂ ಅವರಿಗೇ. "ನೀನೇ ಹೋಗ್ಬಾ. ಇಬ್ರೂ ಹೋಗ್ಲಿಲ್ಲ ಅಂದ್ರೆ ಚೆನ್ನಾಗಿರಲ್ಲ," ಎಂದು ಹಾಸಿಗೆಯಿಂದಲೇ ಅಪ್ಪಣೆ ಕೊಟ್ಟರು. ಮಗಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಳಿಯ ಅಮೆರಿಕದವನೇ, ಅವನ ಅಪ್ಪನಿಗೆ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ ಊರಿನ ಆಚೆ ಗುಡ್ಡದಲ್ಲಿ ಒಂದಷ್ಟು ಜಮೀನಿದೆ.

"ಅಮ್ಮಾ, ಪ್ಲೀಸ್, ಅಲ್ಲಿ ಲೆಕ್ಚರ್ ಕೊಡ್ಬೇಡ," ಎಂದಳು ಮಗಳು ಫೋನಿನಲ್ಲಿ. ಮೊಟ್ಟೆಯನ್ನೂ ಮುಟ್ಟದವಳು ನಾನು. ಕಣ್ಣೆದುರೇ ಒಂದು ಜೀವ ಹೋಗುವಾಗ ಬಾಯಿ ಮುಚ್ಚಿಕೊಂಡು ಕೂರಬಲ್ಲೆನೇ? ಬಾಯಿ ಬಿಟ್ಟರೆ ಹೊಸ ಸಂಬಂಧ ಕೆಡುತ್ತದೆ. ಫ್ರೀವೇ ಉದ್ದಕ್ಕೂ ಇದೇ ಯೋಚನೆ.

ಬೀಗರು ತಮ್ಮ ಟ್ರಕ್ಕಿನಲ್ಲಿ ಗುಡ್ಡಕ್ಕೆ ಕರೆದೊಯ್ದು, ಓಕ್ ಮರಕ್ಕೆ ಕಟ್ಟಿದ ಅಟ್ಟಣೆಗೆ ಏಣಿ ಹತ್ತಿಸಿದರು. ಮಾತಾಡಬಾರದೆಂದು ಸನ್ನೆ ಮಾಡಿ, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಬಿಸಿಲೇರುವ ಹೊತ್ತಿಗೆ ಕೊಂಬಿನ ಗಂಡು ಜಿಂಕೆಯೊಂದು ಪೊದೆಯಿಂದ ಹೊರಬಂತು. ಬೀಗರು ಕೋವಿ ಎತ್ತಿದರು. ಓಡಿಹೋಗೋ ಪುಣ್ಯಾತ್ಮ ಎಂದು ಒಳಗೊಳಗೇ ಬೇಡಿಕೊಂಡೆ. ನಮ್ಮ ಬೆನ್ನ ಕಡೆಯಿಂದ ಗಾಳಿ ಬೀಸಿತು. ಜಿಂಕೆ ಮೂತಿಯೆತ್ತಿ ಮೂಸಿ, ಚಂಗನೆ ನೆಗೆದು ಗುಡ್ಡದಾಚೆ ಮಾಯವಾಯಿತು. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಹೊಳೆಯಿತು. ಬೀಗರಲ್ಲಿಗೆ ಬರಿಗೈಲಿ ಹೋಗುವುದು ಹೇಗೆಂದು ಬೆಳಗ್ಗೆ ಪುಳಿಯೋಗರೆ ಮಾಡಿದ್ದೆ. ಚಳಿಗೆ ಇದೇ ಜಾಕೆಟ್ಟು ತೊಟ್ಟು ಇಂಗಿನ ಒಗ್ಗರಣೆ ಹಾಕಿದ್ದೆ. ಬೇಟೆಗೆ ಬರುವವರು ಸೆಂಟು ಕೂಡ ಹಾಕಬಾರದಂತೆ. ನಾಚಿಕೆಯಾಗಿ, ನನ್ನ ಬಟ್ಟೆಯ ವಾಸನೆಗೇ ಅದು ಓಡಿತೆಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ.

ಬೀಗರು ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. "ನೀವು ಟ್ರಕ್ ಹತ್ತಿದಾಗಲೇ ನನಗೆ ವಾಸನೆ ಬಂದಿತ್ತು," ಎಂದರು ಅವರೂ ಇಂಗ್ಲಿಷಿನಲ್ಲೇ.

"ಮತ್ಯಾಕೆ ಹೇಳಲಿಲ್ಲ?"

"ಜಿಂಕೆ ಹತ್ತಿರ ಬರದಿದ್ದರೆ ಸಾಕು ಅಂದುಕೊಂಡಿದ್ದೆ. ಇತ್ತೀಚೆಗೆ ಕೊಲ್ಲಲು ಮನಸ್ಸೇ ಬರುವುದಿಲ್ಲ. ಆದರೆ ನೀವು ಇದನ್ನೇ ನೋಡಲು ಅಷ್ಟು ದೂರದಿಂದ ಬಂದಿರಲ್ಲ, ನಿಮಗೆ ನಿರಾಸೆಯಾಗಬಾರದೆಂದು ಕೋವಿ ಎತ್ತಿದೆ."

ನನಗೂ ಬೇಡವಾಗಿತ್ತೆಂದು ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಬ್ಬರಿಗೂ ಬೇಡದ ಸಾವೊಂದು ಬರೀ ಮರ್ಯಾದೆಗೋಸ್ಕರ ನಡೆದುಹೋಗುತ್ತಿತ್ತು.