ಕೆಂಪು ಕಣ್ಣಿನ ಮರಿಗಳು

ಹೋದ ತಿಂಗಳು ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ನಡುದಾರಿಯಲ್ಲಿ ರೈತರೊಬ್ಬರು ಕುದುರೆಮಸಾಲೆ ಸೊಪ್ಪಿನ ಹೊರೆ ಹತ್ತಿಸಿ, ಸರಿಯಾಗಿ ನನ್ನ ಕಾಲಬುಡಕ್ಕೇ ತಂದಿಟ್ಟರು. ಆಗಷ್ಟೇ ಕೊಯ್ದ ಹಸಿ ಸೊಪ್ಪು. ಆ ವಾಸನೆ ಬಲ್ಲವರಾದರೆ ಅದರಲ್ಲಿ ಹೇಸಿಕೊಳ್ಳುವಂಥದ್ದೇನೂ ಇಲ್ಲವೆಂದು ನೀವೇ ಹೇಳುತ್ತೀರಿ. ನನ್ನ ವಯಸ್ಸಿನ ಹೆಂಗಸರಿಗೆ ಡೀಸೆಲ್ ಹೊಗೆ ಆಗದು, ನನಗೆ ಆ ಸೊಪ್ಪು. ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. "ರಾಮನಗರ ಇನ್ನೂ ದೂರ ಐತೆ ಕಣಮ್ಮ" ಎಂದ ಕಂಡಕ್ಟರ್. ಗೊತ್ತಪ್ಪ ಎಂದೆ. ಹುಣಸೇಮರದ ಕೆಳಗೆ ಒಬ್ಬಳೇ ನಿಂತಾಗ, ಎಷ್ಟೋ ವರ್ಷಗಳಿಂದ ಬಾಯಿಬಿಟ್ಟು ಯಾರಿಗೂ ಹೇಳದ ಶಿವಣ್ಣ ಮಾವನ ಮೊಲದ ಮನೆ ಕಣ್ಣ ಮುಂದೆ ಬಂದು ನಿಂತಿತು.

ಶಿವಣ್ಣ ಮಾವ ನಮ್ಮಮ್ಮನ ಒಬ್ಬನೇ ತಮ್ಮ. ಕೂಟಗಲ್ಲಿನಲ್ಲಿ ಅಜ್ಜಿಯ ಜೊತೆ ಇದ್ದ. ನನ್ನ ಅಕ್ಕ ಸರೋಜಳನ್ನು ಅವನಿಗೇ ಕೊಟ್ಟಿದ್ದರು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಆಗ ಚರ್ಚೆಯ ವಿಷಯವೇ ಆಗಿರಲಿಲ್ಲ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ "ಇವ್ಳು ನನ್ ಸೊಸೆ" ಎಂದುಬಿಟ್ಟಿದ್ದಳಂತೆ. ಅಕ್ಕನಿಗೂ ಬೇಸರವಿರಲಿಲ್ಲ. ಮಾವ ಮಾತುಗಾರ, ನಗಿಸುವವನು. ಮದುವೆಯಾದ ಮೇಲೂ ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು, ಚಿಕ್ಕಂದಿನ ಹಾಗೆ ಏಕವಚನದಲ್ಲೇ.

ಮಾವ ಮೊದಲು ರೇಷ್ಮೆ ಹುಳ ಸಾಕುತ್ತಿದ್ದ. ಮೇಲಿಂದ ಮೇಲೆ ಹುಳುಗಳಿಗೆ ರೋಗ ತಗುಲಿ ಬೆಳೆ ಕೈಗೆ ಹತ್ತದೆ ಹೋದಾಗ, ಯಾರದೋ ಮಾತು ಕೇಳಿ ಮೊಲ ತಂದ. ಹುಳದ ಮನೆಯ ತಟ್ಟೆಗಳೆಲ್ಲ ಅಟ್ಟ ಸೇರಿದವು. ಅದೇ ಸ್ಟ್ಯಾಂಡುಗಳ ಮೇಲೆ ತಂತಿ ಗೂಡುಗಳು ಬಂದವು. ಹಿಪ್ಪುನೇರಳೆ ಕಿತ್ತು ಮೊಲದ ಮೇವಿಗೆಂದು ಕುದುರೆಮಸಾಲೆ ಹಾಕಿದ. ನಾನಾಗ ರಾಮನಗರದ ಕಾಲೇಜಿಗೆ ಹೋಗುತ್ತಿದ್ದೆ. ರಜೆ ಬಂತೆಂದರೆ ಕೂಟಗಲ್ಲಿಗೆ ಓಡುತ್ತಿದ್ದೆ, ಅಕ್ಕನನ್ನು ನೋಡುವ ನೆಪದಲ್ಲಿ ಮೊಲ ನೋಡುವುದಕ್ಕೆ. ಹಿಡಿಯಲು ಹೋಗಿ ಕೈಯೆಲ್ಲ ಪರಚಿಸಿಕೊಂಡು, ಕಾಲೇಜಿನಲ್ಲಿ ಬೆಕ್ಕು ಪರಚಿತು ಎನ್ನುತ್ತಿದ್ದೆ. ಮೊಲ ಪರಚಿತೆಂದರೆ ಯಾರು ನಂಬುತ್ತಾರೆ?

ಅವನು ತಂದ ಮೊದಲ ಜೋಡಿ ಒಂದೇ ತಾಯಿಯ ಮರಿಗಳು. ಎರಡೂ ಕಾಡುಮೊಲದಂಥ ಕಂದು ಬಣ್ಣ, ಕಡುಗಪ್ಪು ಕಣ್ಣು. ಅವು ಹಾಕಿದ ಸೂಲಿನಲ್ಲಿ ಕಂದು ಮರಿಗಳ ನಡುವೆ ಎರಡು ಹಾಲಿನಂಥ ಬಿಳಿ ಮರಿಗಳಿದ್ದವು. ಕಣ್ಣು ಬಿಟ್ಟಾಗ ನೋಡಿದರೆ ದಾಳಿಂಬೆ ಕಾಳಿನಂತೆ ಕೆಂಪು. ಮಾವ ಹೆದರಿ ಪಶು ಆಸ್ಪತ್ರೆಯ ಡಾಕ್ಟರನ್ನೇ ಕರೆತಂದ. ಅವರು ನಕ್ಕು ಎಲ್ಲ ಬಿಡಿಸಿ ಹೇಳಿ ಹೋದರು. ಆವತ್ತಿನಿಂದ ಮಾವನಿಗೆ ಅದೇ ಹುಚ್ಚು ಹಿಡಿಯಿತು.

ನಮ್ಮಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದರು. ಅವರ ಹತ್ತಿರ ಅರಗಿನ ಬಣ್ಣದ ಮರದ ಮಣಿಗಳನ್ನು ಕೇಳಿ ತಂದು, ಬಂದವರನ್ನೆಲ್ಲ ಜಗಲಿಯ ಮೇಲೆ ಕೂರಿಸಿಕೊಂಡು ಮಾವ ಪಾಠ ಮಾಡುತ್ತಿದ್ದ. "ನೋಡ್ಲಾ, ಒಂದೊಂದು ಮೊಲದ ಒಳಗೂ ಇಂಥವು ಎರಡೆರಡು ಮಣಿ ಇರ್ತವೆ. ಮರೀಗೆ ಅವ್ವ ಒಂದು ಕೊಡ್ತದೆ, ಅಪ್ಪ ಒಂದು ಕೊಡ್ತದೆ. ಒಂದು ಕಂದು, ಒಂದು ಬಿಳಿ ಸೇರಿದ್ರೆ ಮೊಲ ಕಂದಾಗೇ ಕಾಣ್ತದೆ, ಬಿಳೀದು ಒಳಗೆ ಸುಮ್ನೆ ಕುಂತಿರ್ತದೆ. ಎರಡೂ ಬಿಳೀದೇ ಬಿದ್ದೋ, ಆಗ ಹೊರಗೆ ಬತ್ತದೆ. ಒಂದೇ ಮನೇವು ಕೂಡಿದ್ರೆ ಹಂಗೆ ಬೀಳೋದು ಜಾಸ್ತಿ." ಕೆಂಪು ಕಣ್ಣು ಯಾಕೆ ಎಂದು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದ. "ಕಣ್ಣಾಗೆ ಬಣ್ಣವೇ ಇಲ್ಲ ಕಣ್ಲಾ. ನೀನು ನೋಡ್ತಾ ಇರೋದು ಅದರ ರಕ್ತ." ಇದೇ ಸಂಗತಿಯನ್ನು ನಾನು ಕಾಲೇಜಿನಲ್ಲಿ ಬಟಾಣಿ ಗಿಡದ ಹೆಸರಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿದ್ದೆ. ಬಿಳಿ ಮರಿಗಳನ್ನು ಅವವಕ್ಕೇ ಕೂಡಿಸಿ ಮಾವ ಒಂದು ಸಾಲು ತುಂಬ ಬಿಳಿ ಮೊಲ ಮಾಡಿದ. ಬೆಳಗಿನ ಬಿಸಿಲು ಗೂಡಿಗೆ ಬಿದ್ದರೆ ಅವು ಕಣ್ಣು ಕಿರಿದು ಮಾಡಿ ಮೂಲೆ ಸೇರುತ್ತಿದ್ದವು.

ಅಕ್ಕ ಬಸುರಿಯಾಗಿ ಚನ್ನಪಟ್ಟಣಕ್ಕೆ ಬಂದು ಹೆತ್ತಳು. ಗಂಡು ಮಗು. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮೈ ತಿಳಿ ಗುಲಾಬಿ. ಹೆರಿಗೆ ಮಾಡಿಸಿದ ನರ್ಸು ಮಗುವನ್ನು ಸುತ್ತಿ ಅಮ್ಮನ ಕೈಗಿಟ್ಟಳು. ನೋಡಿದವರೆಲ್ಲ ಬೆಳೆಯುತ್ತಾ ಬಣ್ಣ ಬರುತ್ತದೆ ಎಂದರು. ಮಾವ ಬಂದ, ಬಗ್ಗಿ ನೋಡಿದ, ಎತ್ತಿಕೊಳ್ಳಲಿಲ್ಲ. ಮಂಜುನಾಥ ಎಂದು ಹೆಸರಿಟ್ಟೆವು. ತಿಂಗಳುಗಳು ಕಳೆದರೂ ಬಣ್ಣ ಬರಲಿಲ್ಲ. ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ಅತ್ತಿತ್ತ ತೂಗುತ್ತಿತ್ತು.

ಬಾಣಂತನ ಮುಗಿದ ಮೇಲೆ ಅಕ್ಕನನ್ನು ಬಿಟ್ಟುಬರಲು ಕೂಟಗಲ್ಲಿಗೆ ನಾನೇ ಹೋದೆ. ಊರು ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಬಸುರಿ ಹೆಂಗಸು ದಿನವೂ ಆ ಮೊಲಗಳ ಮುಖ ನೋಡಿದ್ದಕ್ಕೆ ಹೀಗಾಯಿತು ಎಂದರು ಕೆಲವರು. ಇನ್ನು ಕೆಲವರು ಅದಕ್ಕಿಂತ ಕೆಟ್ಟದ್ದನ್ನು ಅಂದರು. ಮಾವ ಆ ಕೆಟ್ಟದ್ದನ್ನೇ ಆರಿಸಿಕೊಂಡಿದ್ದ. ನಾವು ಹೊಸ್ತಿಲು ದಾಟುವ ಮೊದಲೇ ಕೇಳಿದ:

"ನಮ್ಮ ವಂಸದಾಗೆ ಇಂಥದ್ದು ಹುಟ್ಟಿಲ್ಲ. ಇದು ಯಾರ್ದು ಸರೋಜ?"

ಅಕ್ಕ ಮಗುವಿನ ಮೈಮೇಲಿನ ಬಟ್ಟೆ ಸರಿಮಾಡಿದಳು. ಉತ್ತರ ಕೊಡಬೇಕಾದ ಪ್ರಶ್ನೆಯೇ ಅಲ್ಲವಲ್ಲ. ನನಗೆ ತಡೆಯಲಾಗಲಿಲ್ಲ. "ಮಾವ, ದಿನಾ ಜಗಲಿ ಮೇಲೆ ಕುಂತ್ಕೊಂಡು ನೀನೇ ಹೇಳ್ತಿದ್ಯಲ್ಲ. ಒಂದು ಅವ್ವಂದು, ಒಂದು ಅಪ್ಪಂದು ಅಂತ. ಒಂದೇ ಮನೇವು ಕೂಡಿದ್ರೆ ಅಂತ."

ಅವನ ಮುಖ ಕಪ್ಪಿಟ್ಟಿತು. "ನಾವೇನು ಮೊಲಾನಾ?" ಎಂದ.

ಬಾಗಿಲ ಮರೆಯಲ್ಲಿ ರಾಗಿ ಕೇರುತ್ತಾ ಕೂತಿದ್ದ ಅಜ್ಜಿ ಮೊರ ಕೆಳಗಿಟ್ಟಳು. ಅಜ್ಜಿಯೂ ತನ್ನ ಸೋದರತ್ತೆಯ ಮಗನನ್ನೇ ಮದುವೆಯಾದವಳು. ಅಜ್ಜ ತೀರಿಹೋಗಿ ಬಹಳ ಕಾಲವಾಗಿತ್ತು.

"ಹುಟ್ಟಿತ್ತು ಕಣಪ್ಪ," ಎಂದಳು. "ನಿನಗಿಂತ ಮುಂಚೆ, ನಿಮ್ಮಕ್ಕನಿಗಿಂತ ಮುಂಚೆ. ಇದೇ ಕೂದ್ಲು, ಇದೇ ಕಣ್ಣು. ಹೆಣ್ಮಗ."

"ಎಲ್ಲಿ ಹೋಯ್ತು?" ಎಂದು ಕೇಳಿದವಳು ಅಕ್ಕ.

"ನಿಮ್ಮ ತಾತ ಎತ್ಕೊಂಡೋದ್ರು. ಬರೀ ಕೈಯಾಗೆ ಬಂದ್ರು. ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ."

ಆಮೇಲೆ ಅಜ್ಜಿ ಮತ್ತೆ ಮೊರ ಕೈಗೆತ್ತಿಕೊಂಡಳು. ಅಳಲಿಲ್ಲ. ಅವಳ ಪಾಲಿನ ಅಳು ಯಾವತ್ತೋ ಮುಗಿದಿರಬೇಕು.

ಈಗ ಮಾವ ಅಕ್ಕನ ಕಾಲು ಹಿಡಿಯುತ್ತಾನೆ ಎಂದುಕೊಂಡೆ. ನನ್ನ ಆಗಿನ ಬುದ್ಧಿ ಅಷ್ಟು. ನಿಜ ಗೊತ್ತಾದರೆ ಮನುಷ್ಯ ಸರಿಹೋಗುತ್ತಾನೆ ಎಂದು ನಂಬಿದ್ದ ಕಾಲ. ಅಲ್ಲಿಯವರೆಗೆ ತಪ್ಪು ಅಕ್ಕನದ್ದಾಗಿತ್ತು, ಅದನ್ನವನು ಹೇಗೋ ಹೊತ್ತಿದ್ದ. ಈಗ ಅರ್ಧ ಅವನದ್ದಾಯಿತು. ಅದನ್ನು ಹೊರಲಾಗಲಿಲ್ಲ. ಎದ್ದು ಮೊಲದ ಮನೆಗೆ ಹೋದ. ಬಿಳಿ ಮೊಲಗಳ ಸಾಲಿನ ಗೂಡುಗಳನ್ನು ಒಂದೊಂದಾಗಿ ತೆರೆದು, ಕಿವಿ ಹಿಡಿದೆತ್ತಿ ಗೋಣಿಚೀಲಕ್ಕೆ ತುಂಬಿದ. ಮೊಲಕ್ಕೆ ದನಿಯಿಲ್ಲ ಎಂದುಕೊಂಡಿದ್ದೆ. ಇದೆ. ಪ್ರಾಣಭಯಕ್ಕೆ ಕೂಸಿನ ಹಾಗೆ ಕಿರುಚುತ್ತದೆ. ಸೊಪ್ಪಿನ ವಾಸನೆ ತುಂಬಿದ ಆ ಮನೆಯಲ್ಲಿ ನಾನದನ್ನು ಕೇಳಿದೆ.

"ಎಲ್ಲಿಗೆ ತಗೊಂಡೋಯ್ತಾ ಇದ್ದೀಯ ಮಾವ?" ಎಂದಳು ಅಕ್ಕ, ಮಗುವನ್ನು ಎದೆಗೊತ್ತಿಕೊಂಡು.

ಅವನು ತಿರುಗಿ ನೋಡದೆ ಚೀಲ ಹೆಗಲಿಗೇರಿಸಿ ಕೆರೆಯ ಕಡೆ ನಡೆದ. ಅಕ್ಕ ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಬಸ್ಸಿಗೆ ಹೊತ್ತಾಯ್ತು" ಎಂದಳು. ಬಿಚ್ಚದ ಚೀಲಗಳನ್ನೇ ಎತ್ತಿಕೊಂಡು ನಾವು ವಾಪಸು ಹೊರಟೆವು. ಅಜ್ಜಿ ತಡೆಯಲಿಲ್ಲ. ಊರ ಬಾಗಿಲವರೆಗೂ ನಮ್ಮ ಹಿಂದೆ ಬಂದಳು.

ಮಂಜ ಚನ್ನಪಟ್ಟಣದಲ್ಲೇ ಬೆಳೆದ. ಸ್ಕೂಲಿನಲ್ಲಿ ಕಪ್ಪುಹಲಗೆ ಕಾಣುತ್ತಿರಲಿಲ್ಲ, ಅರ್ಧಕ್ಕೇ ಬಿಟ್ಟು ನಮ್ಮಪ್ಪನ ಜೊತೆ ಗೊಂಬೆಗೆ ಅರಗಿನ ಬಣ್ಣ ಹಿಡಿಯಲು ಕೂತ. ಗೊಂಬೆಯನ್ನು ಮೂಗಿನ ತುದಿಗೆ ತಂದು ನೋಡುತ್ತಿದ್ದ. ಅಂಗಡಿಗೆ ಬಂದ ಪ್ರವಾಸಿಗಳು ಇವನನ್ನು ಪರದೇಶದವನೆಂದು ತಿಳಿದು ಇಂಗ್ಲಿಷಿನಲ್ಲಿ ಮಾತಾಡಿಸಿದರೆ, ಎಲ್ಲ ಕೇಳಿಸಿಕೊಂಡು, "ಒಸಿ ಕನ್ನಡದಾಗೆ ಹೇಳಿ ಸಾರ್" ಎನ್ನುತ್ತಿದ್ದ. ಅವರ ಮುಖ ನೋಡಿ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಬೀದಿಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರುಗಳಿಗೆ ಮಾತ್ರ ಅವನೂ ನಗುತ್ತಿರಲಿಲ್ಲ, ನಾವೂ ನಗುತ್ತಿರಲಿಲ್ಲ.

ಬಿಸಿಲಿಗೆ ಮೈ ಕೆಂಪೇರಿ ಸುಲಿಯುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆವು. ಚಿಕ್ಕವನಿದ್ದಾಗ ಅಕ್ಕ ಸೆರಗು ಮುಚ್ಚಿ ಕರೆದೊಯ್ಯುತ್ತಿದ್ದಳು. ದೊಡ್ಡವನಾದ ಮೇಲೆ ಅವನಿಗೆ ನಾಚಿಕೆ. ಬೇರೆ ಹುಡುಗರಂತೆ ಬರಿ ತಲೆಯಲ್ಲಿ ಕೆರೆ ಬಯಲಿನಲ್ಲಿ ಅಲೆದ. ಕಿವಿಯ ಹಿಂದೆ ಒಂದು ಹುಣ್ಣಾಯಿತು. ಉಷ್ಣದ ಗುಳ್ಳೆ ಎಂದುಕೊಂಡೆವು. ವಾಸಿಯಾಗದೆ ಕುತ್ತಿಗೆಗೆ ಇಳಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಚರ್ಮದ ಕ್ಯಾನ್ಸರ್ ಎಂದು ಹೇಳಿ, ಅಕ್ಕನನ್ನು ಕೂರಿಸಿ ಮೆಲ್ಲಗೆ ಕೇಳಿದರು: "ಇಂಥ ಮಗೂನ ಬಿಸಿಲಿಗೆ ಬಿಡಬಾರದು ಅಂತ ನಿಮಗೆ ಯಾರೂ ಹೇಳಲಿಲ್ವಾ ತಾಯಿ?"

ಯಾರೂ ಹೇಳಿರಲಿಲ್ಲ. ಶಾಪ ಎಂದವರಿದ್ದರು, ಪಾಪ ಎಂದವರಿದ್ದರು. ಟೋಪಿ ಹಾಕಿ ಎಂದವರು ಒಬ್ಬರೂ ಇರಲಿಲ್ಲ.

ಮಂಜ ತೀರಿಹೋದಾಗ ಅವನಿಗೆ ಇನ್ನೂ ಮದುವೆಯ ವಯಸ್ಸು. ಮಾವ ಬಂದ. ಮೊಲಗಳನ್ನು ಯಾವತ್ತೋ ಬಿಟ್ಟಿದ್ದ, ಮರುಮದುವೆ ಆಗಿರಲಿಲ್ಲ. ಬಾಗಿಲಾಚೆ ನಿಂತು, "ಒಂದ್ಸಲ ಮುಟ್ಲಾ ಸರೋಜ?" ಎಂದು ಕೇಳಿದ. ಅಕ್ಕ ಒಂದಿಷ್ಟು ಪಕ್ಕಕ್ಕೆ ಸರಿದಳು, ಅಷ್ಟೆ. ಅವನು ಮಗನ ಕೂದಲ ಮೇಲೆ ಕೈಯಿಟ್ಟ. ಹುಟ್ಟಿದಾಗಿನಿಂದ ಅದೇ ಮೊದಲು.

ಮಾವನೂ ಹೋಗಿ ಈಗ ಸುಮಾರು ವರ್ಷಗಳಾದವು. ಅಕ್ಕ ನನ್ನ ಜೊತೆಗಿದ್ದಾಳೆ. ಈ ಮಾತು ಅವಳ ಮುಂದೆ ಎತ್ತುವುದೇ ಬೇಡ ಎಂದು ನಾನು ಇಷ್ಟು ಕಾಲ ನಡೆದುಕೊಂಡೆ. ಎತ್ತಲೇಬೇಕಾಗಿ ಬಂದದ್ದು ಆ ಬಸ್ಸಿನಿಂದ ಇಳಿದ ಕೆಲವೇ ದಿನಕ್ಕೆ. ಮಾಗಡಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನನ್ನ ಮಗ, ನನ್ನ ತಮ್ಮನ ಮಗಳನ್ನೇ ಮದುವೆಯಾಗುತ್ತೇನೆ ಎಂದ. ಯಾರೂ ಬಲವಂತ ಮಾಡಿದ್ದಲ್ಲ. ಇಬ್ಬರೂ ಒಪ್ಪಿಕೊಂಡಿದ್ದಾರೆ, ಒಬ್ಬರನ್ನೊಬ್ಬರು ಬಿಟ್ಟಿರಲಾರರು. ನಾನು ಬೇಡ ಎಂದೆ. ಎಲ್ಲವನ್ನೂ ಹೇಳಿದೆ. ರಕ್ತಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಿ ಎಂದು ಅಂಗಲಾಚಿದೆ. ತಮ್ಮ ಸಿಟ್ಟಾದ. ಹುಡುಗಿ ನನ್ನ ಕೈ ಹಿಡಿದು, "ಹಂಗೆಲ್ಲ ಆಗಲ್ಲ ಬುಡಿ ಅತ್ತೆ" ಎಂದಳು. ಲಗ್ನ ಗೊತ್ತಾಯಿತು.

ಅಕ್ಕ ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು. ಮೊನ್ನೆ ಮಧ್ಯಾಹ್ನ ನೋಡಿದರೆ, ಹೊಲಿಗೆ ಮೆಷಿನ್ನಿನ ಮೇಲಿನ ಧೂಳು ಒರೆಸಿ, ನನ್ನ ಹಳೆಯ ಮೆತ್ತನೆ ಹತ್ತಿ ಸೀರೆಯೊಂದನ್ನು ಕತ್ತರಿಸುತ್ತಾ ಕೂತಿದ್ದಾಳೆ. ಅಂಗೈಯಗಲದ ಅಂಗಿ, ಬೆರಳ ತುದಿ ಮುಚ್ಚುವಷ್ಟು ಉದ್ದದ ತೋಳು. ಪಕ್ಕದಲ್ಲಿ ಅಗಲ ಅಂಚಿನ ಪುಟ್ಟ ಟೋಪಿ.

"ಹಂಗೆ ಹುಟ್ಟದೇನೂ ಇರಬೌದಲ್ಲಕ್ಕ," ಎಂದೆ.

"ಹುಟ್ಟದೆ ಇದ್ರೆ ಒಳ್ಳೇದೇ ಆಯ್ತು," ಎಂದಳು ತಲೆಯೆತ್ತದೆ. "ಹುಟ್ಟಿದ್ರೆ, ಬಿಸ್ಲಿಗೆ ಬುಡಬ್ಯಾಡಿ ಅಂತ ಹೇಳಾಕೆ ನಾನು ಇರ್ತೀನೋ ಇಲ್ವೋ."

ನಾನು ಎದುರಿಗೆ ಕೂತು ಟೋಪಿಯ ಅಂಚಿಗೆ ಸೂಜಿ ಹಾಕಿದೆ.